ಎರಡು ಕಿಲೋ ಮಾಂಸಕ್ಕೆ ಕರೆದ ತುರ್ತು ಸಭೆ

ನನ್ನ ಹೆಂಡತಿಗೆ ನಾನು ಒಂದು ಊಟ ಬಾಕಿ ಉಳಿಸಿಕೊಂಡಿದ್ದೇನೆ. ಇವತ್ತು ನಿನ್ನೆಯದಲ್ಲ, ಮೂವತ್ತೊಂದು ವರ್ಷದ ಹಳೇ ಬಾಕಿ. ಊರವರ ಬಾಕಿಯನ್ನೆಲ್ಲ ವಸೂಲು ಮಾಡಿಸುತ್ತೇನೆಂದು ಬೀದಿ ಬೀದಿಯಲ್ಲಿ ಗಂಟಲು ಹರಿದುಕೊಂಡ ಮನುಷ್ಯ ನಾನು. ಸ್ವಂತ ಮನೆಯಲ್ಲಿ ಮಾತ್ರ ನಂಬರ್ ಒನ್ ಸುಸ್ತಿದಾರ!

ಆ ಸಾಲ ಹುಟ್ಟಿದ್ದು ಹೀಗೆ. ನಾವಿಬ್ಬರೂ ಒಂದೇ ಮಾಂಸದ ಕಾರ್ಖಾನೆಯಲ್ಲಿದ್ದೆವು. ನಾನು ಶೀತಲಗೃಹದಲ್ಲಿ ಪೆಟ್ಟಿಗೆ ಹೊರುವವನು, ಅವಳು ಪ್ಯಾಕಿಂಗ್ ವಿಭಾಗದವಳು. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ದಾರ ಬಿಗಿದ ಎರಡು ಕಿಲೋ ಹಂದಿಮಾಂಸದ ಪಕ್ಕದಲ್ಲಿ ರೋಸ್‌ಮೇರಿ, ಥೈಮ್ ಸೊಪ್ಪಿನ ಒಂದು ಕಟ್ಟು ಇಡುವುದು, ಅದರ ಮೇಲೆ ಅಡುಗೆಯ ವಿಧಾನ ಅಚ್ಚಾದ ಕಾರ್ಡು ಇಡುವುದು, ಪೆಟ್ಟಿಗೆ ಮುಚ್ಚುವುದು. ಸಂಜೆ ಮನೆಗೆ ಬಂದರೆ ಅವಳ ಕೈ ಶ್ರೀಮಂತರ ಊಟದ ಮೇಜಿನ ಹಾಗೆ ಘಮಘಮ! ಬಾಯಿಗೆ ಮಾತ್ರ ಒಂದು ಚೂರೂ ಬಿದ್ದದ್ದಿಲ್ಲ.

ಮುಷ್ಕರ ಶುರುವಾದ ಮೊದಲ ದಿನ ನಾನು ಗೇಟಿನ ಮುಂದೆ ಎಣ್ಣೆಯ ಖಾಲಿ ಡ್ರಮ್ಮಿನ ಮೇಲೆ ಹತ್ತಿ ನಿಂತೆ. ನಾಲ್ಕು ನೂರು ಜನ ಕೆಳಗೆ. ರಕ್ತ ಬಿಸಿ ಇತ್ತು, ನಾಲಿಗೆಗೆ ಲಗಾಮು ಇರಲಿಲ್ಲ. "ಗೆದ್ದ ದಿನ ಈ ಪೆಟ್ಟಿಗೆಯ ಊಟ ನಮ್ಮ ಪ್ರತಿಯೊಂದು ಮನೆಯ ಮೇಜಿನ ಮೇಲೆ ಇರುತ್ತದೆ! ಇದು ನನ್ನ ಮಾತು!" ಎಂದು ಗುಡುಗಿದೆ. ಚಪ್ಪಾಳೆಯೋ ಚಪ್ಪಾಳೆ. ಅದು ನಿಲ್ಲುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ: "ಮೊದ್ಲು ನಿನ್ನ ಮನೆ ಓವನ್ ಖಾಲಿ ಮಾಡು!"

ನಾಲ್ಕು ನೂರು ಜನ ಘೊಳ್ಳೆಂದು ನಕ್ಕರು. ಕೂಗಿದವಳು ನನ್ನ ಹೆಂಡತಿ.

ಅವಳ ಮಾತಿಗೆ ಕಾರಣವಿತ್ತು. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯ ಹೊಟ್ಟೆಯಲ್ಲಿ ಒಂದು ಓವನ್ ಇದೆ. ಹೆಚ್ಚುವರಿ ಪಾಳಿ ಮಾಡಿ ಮಾಡಿ ಕೂಡಿಟ್ಟು ಅವಳೇ ತಂದದ್ದು. ತಂದ ಮೂರನೇ ವಾರಕ್ಕೇ ಅದನ್ನು ನಾನು ಸಂಘಟನೆಯ ಪರವಾಗಿ ವಶಪಡಿಸಿಕೊಂಡೆ. ಕರಪತ್ರ, ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ ಎಲ್ಲವೂ ಅದರೊಳಗೆ. ಪೊಲೀಸರು ನಾಲ್ಕು ಸಲ ಮನೆ ಜಾಲಾಡಿದರು. ಹಿಟ್ಟಿನ ಡಬ್ಬಿಗೂ ಕೈ ಹಾಕಿದರು, ದಿಂಬನ್ನೂ ಹರಿದರು. ಓವನ್ ಬಾಗಿಲು ಮಾತ್ರ ಒಬ್ಬನೂ ತೆರೆಯಲಿಲ್ಲ. ಗಂಡಸರಲ್ಲವೇ! ಅಡುಗೆಮನೆಯಲ್ಲಿ ಅಂಥದ್ದೊಂದು ಬಾಗಿಲಿದೆ ಎಂಬುದೇ ಅವರಿಗೆ ಹೊಳೆಯಲಿಲ್ಲ. ಇದನ್ನು ನಾನು ಸಭೆಗಳಲ್ಲಿ ನನ್ನ ಮಹಾ ತಂತ್ರವೆಂದು ಹೇಳಿಕೊಂಡು ಮೆರೆದೆ. ಅವಳು ಆ ಓವನ್ನಿನ ಮೇಲಿನ ಒಲೆಯಲ್ಲಿ ಬೇಳೆ ಬೇಯಿಸುತ್ತಿದ್ದಳು.

ನಲವತ್ತಾರನೇ ದಿನ ಮುಷ್ಕರ ಮುರಿಯಿತು. ಹೇಗೆ ಮುರಿಯಿತೆಂದು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ನನ್ನನ್ನು ಓವನ್ನಿನ ಹತ್ತಿರಕ್ಕೂ ಬಿಡುವುದಿಲ್ಲ. ಹೊಸ ಕೈಗಳು ಬಂದವು, ನಮ್ಮನ್ನು ಯಾರೂ ಒಳಗೆ ಕರೆಯಲಿಲ್ಲ. ಅವಳು ಕೆಲಸದ ಕೊನೆಯ ದಿನ ಕಾರ್ಖಾನೆಯಿಂದ ತಂದದ್ದು ಜೇಬಿನಲ್ಲಿದ್ದ ಒಂದು ರೋಸ್‌ಮೇರಿ ಕಡ್ಡಿ ಅಷ್ಟೇ. ಅದನ್ನು ಬಣ್ಣದ ಹಳೇ ಡಬ್ಬಿಯಲ್ಲಿ ನೆಟ್ಟಳು. ಅದರ ಮಗಳೋ ಮೊಮ್ಮಗಳೋ ಇವತ್ತಿಗೂ ಕಿಟಕಿಯಲ್ಲಿದೆ.

ಈ ವರ್ಷ ಅವಳ ಎಡ ದವಡೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹಲ್ಲುನೋವು ಎಂದು ಎರಡು ತಿಂಗಳು ಲವಂಗ ಕಚ್ಚಿಕೊಂಡಿದ್ದಳು. ಆಮೇಲೆ ದೊಡ್ಡ ಆಸ್ಪತ್ರೆ, ಫೋಟೋ, ಸೂಜಿ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಮಂಗಳವಾರ ಆಪರೇಷನ್, ದವಡೆಯ ಮೂಳೆ ಒಂದಷ್ಟು ತೆಗೆಯಬೇಕು ಎಂದರು.

"ಆಮೇಲೆ ಊಟ?" ಎಂದಳು ಇವಳು.

"ಸೋಸಿದ್ದು. ಕುಡಿಯೋ ಥರದ್ದು."

"ಎಷ್ಟು ದಿನ?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನೋಡೋಣಮ್ಮ" ಎಂದರು. ನಾನು ಎಷ್ಟೋ ಮ್ಯಾನೇಜರುಗಳ ಮೇಜಿನ ಎದುರು ಕೂತವನು. ಮೇಜಿನ ಆ ಕಡೆಯಿಂದ ಬರುವ "ನೋಡೋಣ" ಎಂಬ ಮಾತಿನ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬಸ್ ನಿಲ್ದಾಣದ ಸಿಮೆಂಟ್ ಬೆಂಚಿನ ಮೇಲೆ ಕೂತು ಅವಳು ಹೇಳಿದಳು: "ಭಾನುವಾರ ಆ ಊಟ ಹಾಕ್ಬಿಡು."

"ಯಾವ ಊಟ?"

"ಡ್ರಮ್ ಹತ್ತಿ ಹೇಳಿದ್ಯಲ್ಲ, ಅದು."

ಮೂವತ್ತೊಂದು ವರ್ಷ! ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ನಾನು ಮರೆತಿದ್ದೆ. ಸತ್ಯ ಹೇಳುತ್ತೇನೆ, ಪೂರ್ತಿ ಮರೆತಿದ್ದೆ.

"ಮೆತ್ತಗಿನ ಮಾಂಸಕ್ಕಲ್ಲ ನಾನು ಕೇಳ್ತಿರೋದು" ಎಂದಳು. "ಇನ್ಮೇಲೆ ಬರೀ ಮೆತ್ತಗಿಂದೇ ತಾನೆ. ಮೇಲೆ ಸೊಪ್ಪು, ಬ್ರೆಡ್ ಪುಡಿ ಹಚ್ಚಿರ್ತಾರಲ್ಲ, ಅದು ಗರಿಗರಿ ಆಗತ್ತಂತೆ, ಕಾರ್ಡಲ್ಲಿ ಬರೆದಿತ್ತು. ಅದು ಬೇಕು. ಕಚ್ಚಿದ್ರೆ ಸದ್ದು ನನ್ನ ಕಿವಿಗೇ ಕೇಳಿಸ್ಬೇಕು. ಒಂದೇ ಸಲ."

ನಾನು ಎದ್ದು ನಿಂತೆ. ಬಸ್ ನಿಲ್ದಾಣದಲ್ಲಿ ಡ್ರಮ್ ಇರಲಿಲ್ಲ, ಇದ್ದಿದ್ದರೆ ಹತ್ತುತ್ತಿದ್ದೆ. "ಆಯ್ತು! ನಾಲ್ಕು ನೂರು ಜನರನ್ನ ನಲವತ್ತಾರು ದಿನ ಗೇಟಿನ ಮುಂದೆ ಕೂರಿಸಿದೋನು ನಾನು. ಎರಡು ಕಿಲೋ ಮಾಂಸನ ಎರಡು ಗಂಟೆ ಓವನ್ನಲ್ಲಿ ಕೂರಿಸೋದು ಯಾವ ಮಹಾ ಕೆಲಸ!"

"ಆ ನಾಲ್ಕು ನೂರು ಜನಕ್ಕೆ ಬೇಯಿಸಿ ಹಾಕಿದ್ದು ಯಾರು?"

"ನೀವು. ಹೆಂಗಸರು."

"ನೀನೇನ್ ಮಾಡ್ತಿದ್ದೆ?"

"ಭಾಷಣ."

"ಮಾಂಸದ ಮುಂದೆ ಭಾಷಣ ಮಾಡ್ಬೇಡ. ಅದು ಎದ್ದು ಹೋಗತ್ತೆ."

ಇಲ್ಲೊಂದು ಮಾತು ಹೇಳಿಬಿಡಬೇಕು. ಚಳವಳಿಯಲ್ಲಿ ಎಲ್ಲರಿಗೂ ಎಲ್ಲರೂ "ನೀನು." ಮದುವೆಯಾದ ಮೇಲೂ ಅವಳು ಅದನ್ನು ಬಿಡಲಿಲ್ಲ. ಸಿಟ್ಟು ನೆತ್ತಿಗೇರಿದಾಗ ಮಾತ್ರ ನನಗೆ ಮರ್ಯಾದೆ ಸಿಗುತ್ತದೆ. ಆಗ ನಾನು "ನಾಯಕರೇ." ಆ ಶಬ್ದ ಕಿವಿಗೆ ಬಿದ್ದರೆ ನಾನು ಚಪ್ಪಲಿ ಹುಡುಕುತ್ತೇನೆ.

ಶನಿವಾರ ಕಸಾಯಿ ಅಂಗಡಿಗೆ ಹೋದೆ. ಅಂಗಡಿಯವನು ಕತ್ತಿ ಮಸೆಯುತ್ತಾ ಕೇಳಿದ: "ಯಾವ ಭಾಗ ಬೇಕಣ್ಣಾ?"

"ಒಳ್ಳೇ ಭಾಗ."

"ಎಲ್ಲಾ ಒಳ್ಳೇ ಭಾಗನೇ. ಹಂದೀನ ಕೇಳಿದ್ರೆ ಒಂದನ್ನೂ ಬಿಟ್ಕೊಡಲ್ಲ. ಏನ್ ಮಾಡೋಕೆ?"

"ಓವನ್ನಲ್ಲಿ ಇಡಿಯಾಗಿ ಬೇಯಿಸೋಕೆ. ಮೇಲೆ ಸೊಪ್ಪಿನ ಪದರ."

ಅವನು ಕತ್ತಿ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವಾ?"

"ನಾನೇ!"

"ಅತ್ತಿಗೆಗೆ ಹುಷಾರಿಲ್ವಾ?"

ಈ ಊರಿನಲ್ಲಿ ನನ್ನ ಹೋರಾಟದ ಇತಿಹಾಸ ಯಾರಿಗೂ ಗೊತ್ತಿಲ್ಲದೆ ಇರಬಹುದು, ನನ್ನ ಅಡುಗೆಯ ಇತಿಹಾಸ ಮಾತ್ರ ಕಸಾಯಿಯವನಿಗೂ ಗೊತ್ತು! ನಾನು ಹೌದು ಎಂದೆ. ಅವನು ಬೆನ್ನಿನ ಕಡೆಯ ಚೆಂದದ ತುಂಡೊಂದನ್ನು ಕಡಿದು, ಕೊಬ್ಬಿನ ಪದರ ಮೇಲೆ ಬರುವಂತೆ ಸುತ್ತಿ, ಹತ್ತು ಕಡೆ ದಾರ ಬಿಗಿದು ಕೊಟ್ಟ. "ಮೊದ್ಲು ಜೋರು ಉರಿ, ಆಮೇಲೆ ಸಣ್ಣ ಉರಿ. ಮೇಲ್ಗಡೆ ಬಣ್ಣ ಬಂದ ತಕ್ಷಣ ಮುಚ್ಚಿಬಿಡಿ. ಒಂದು ನಿಮಿಷ ಆಚೀಚೆ ಮಾಡ್ಬೇಡಿ" ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಭಾನುವಾರ ಬೆಳಿಗ್ಗೆ ಹಜಾರದ ಕುರ್ಚಿಯಲ್ಲಿ ಹೆಂಡತಿಯನ್ನು ಕೂರಿಸಿ ಘೋಷಿಸಿದೆ: "ಇವತ್ತು ಅಡುಗೆಮನೆಗೆ ನಿನಗೆ ಪ್ರವೇಶವಿಲ್ಲ! ನಿಷೇಧಾಜ್ಞೆ!"

"ಬೆಂಕಿ ಬಿದ್ರೆ?"

"ನಾವು ಮೂರು ಜನ ಇದೀವಲ್ಲ!"

ಉಳಿದಿಬ್ಬರು ಆಗಷ್ಟೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಒಬ್ಬನಿಗೆ ನಾವಿಟ್ಟ ಹೆಸರು ಮೈಕು. ಕಾರ್ಖಾನೆಯ ಬಾಯ್ಲರ್ ಪಕ್ಕ ಇಪ್ಪತ್ತು ವರ್ಷ ನಿಂತು ಅರ್ಧ ಕಿವುಡಾದವನು. ಕಿವಿಯ ನಷ್ಟವನ್ನು ಗಂಟಲಲ್ಲಿ ತುಂಬಿಕೊಂಡವನು. ಇನ್ನೊಬ್ಬ ತಿದ್ದುಪಡಿ. ಚರ್ಮದ ವಿಭಾಗದವನು. ಯಾವ ಸಭೆಯಲ್ಲಿ ಯಾವ ಠರಾವು ಬರಲಿ, ಕೈ ಎತ್ತಿ ಒಂದು ತಿದ್ದುಪಡಿ ತರುತ್ತಿದ್ದ. ಮತಕ್ಕೆ ಹಾಕಿದರೆ ತನ್ನ ತಿದ್ದುಪಡಿಗೂ ಮತ ಹಾಕದೆ ತಟಸ್ಥನಾಗಿ ಉಳಿಯುತ್ತಿದ್ದ. ನಾಲ್ಕು ನೂರರಲ್ಲಿ ನನ್ನ ಜೊತೆ ಈಗಲೂ ಒಡನಾಟ ಇಟ್ಟುಕೊಂಡವರು ಈ ಇಬ್ಬರೇ. ಮಿಕ್ಕವರಲ್ಲಿ ಕೆಲವರು ಸತ್ತರು, ಕೆಲವರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಮೊದಲ ಕೆಲಸ ಓವನ್ ಖಾಲಿ ಮಾಡುವುದು. ಬಾಗಿಲು ಎಳೆದೆವು. ಕಾಗದದ ಕಟ್ಟುಗಳು ಹಳೇ ಗೆಳೆಯರಂತೆ ಮೈಮೇಲೆ ಬಿದ್ದವು! ಮೈಕು ಒಂದು ಕರಪತ್ರ ಎತ್ತಿಕೊಂಡು ಅಲ್ಲೇ ಗಟ್ಟಿಯಾಗಿ ಓದತೊಡಗಿದ. ತಿದ್ದುಪಡಿ ಅದರಲ್ಲಿ ಎರಡು ಕಾಗುಣಿತದ ತಪ್ಪು ಹಿಡಿದ. ಅರ್ಧ ಗಂಟೆ ಹೋಯಿತು.

ಹಜಾರದಿಂದ ದನಿ ಬಂತು: "ಕೆಳಗಿನ ತಟ್ಟೆ ಹಿಂದೆ ನೋಡಿದ್ಯಾ?"

"ನೋಡಿದೆ!" ಎಂದೆ. ನೋಡಿರಲಿಲ್ಲ.

ಓವನ್ ಹೊತ್ತಿಸಿದೆವು. ನಾನು ಕಿಟಕಿಯ ರೋಸ್‌ಮೇರಿ ಗಿಡಕ್ಕೆ ಕತ್ತರಿ ಹಿಡಿದೆ. ಎಷ್ಟು ಬೇಕೆಂದು ಗೊತ್ತಿರಲಿಲ್ಲ, ಅದಕ್ಕೆ ಇದ್ದದ್ದನ್ನೆಲ್ಲ ಕತ್ತರಿಸಿದೆ. ಗಿಡ, ಚಳವಳಿಯ ದಿನಗಳಲ್ಲಿ ಜೈಲಿನಿಂದ ಬಿಟ್ಟಾಗ ಬೋಳಾಗಿದ್ದ ನನ್ನ ತಲೆಯ ಹಾಗೆ ಕಂಡಿತು. ಒಣ ಬ್ರೆಡ್ಡನ್ನು ಮಿಕ್ಸಿಗೆ ಹಾಕಿ ಮೈಕುವಿಗೆ ಗುಂಡಿ ಒತ್ತಲು ಹೇಳಿದೆ. ಒತ್ತಿದ. ಮುಚ್ಚಳ ಹಾಕಬೇಕೆಂದು ನಾನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಹಿಮಪಾತ! ಮೈಕುವಿನ ಹುಬ್ಬು, ಮೀಸೆ, ಕಿವಿಯ ಮೆಷಿನ್ ಎಲ್ಲ ಬಿಳಿ. "ಏನಾಯ್ತು?" ಎಂದು ಅರಚಿದ. ಬಾಯೊಳಗೂ ಬ್ರೆಡ್ಡು.

ಅಷ್ಟರಲ್ಲಿ ಹೊಗೆ.

ಬಿಳಿ ಹೊಗೆಯಲ್ಲ, ಕಪ್ಪು. ಮಾಂಸ ಇನ್ನೂ ಮೇಜಿನ ಮೇಲೇ ಇತ್ತು, ಹೊಗೆ ಓವನ್ನಿನಿಂದ ಬರುತ್ತಿತ್ತು! ಬಾಗಿಲು ತೆಗೆದರೆ ಕೆಳಗಿನ ತಟ್ಟೆಯ ಹಿಂದೆ ಒಂದು ಬಟ್ಟೆಯ ಸುರುಳಿ ಹೊತ್ತಿಕೊಂಡು ಉರಿಯುತ್ತಿದೆ. ಇಕ್ಕಳದಿಂದ ಎಳೆದು ಸಿಂಕಿಗೆ ಎಸೆದು ನಲ್ಲಿ ಬಿಟ್ಟೆ. ಚುಸ್ ಎಂದಿತು. ಬಿಡಿಸಿ ನೋಡಿದರೆ ನಮ್ಮ ಮುಷ್ಕರದ ಬ್ಯಾನರು. ಕೆಂಪು ಬಟ್ಟೆ, ಮೇಲೆ ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಅಕ್ಷರ. ನಾಲ್ಕು ರಾತ್ರಿ ಕೂತು ಹೊಲಿದವಳು ಹಜಾರದಲ್ಲಿ ಕೂತಿದ್ದಾಳೆ.

"ದುಡಿದ ಕೈಗೆ ಮೊದಲ ತುತ್ತು" ಎಂದು ಇದ್ದದ್ದು. ಈಗ ಉಳಿದದ್ದು "ದುಡಿದ ಕೈಗೆ." ಅಲ್ಲಿಂದ ಮುಂದೆ ಮಸಿ.

ನಿಷೇಧಾಜ್ಞೆ ಮುರಿದು ಅವಳು ಬಾಗಿಲಿಗೆ ಬಂದಳು. ಒದ್ದೆ ಬಟ್ಟೆಯನ್ನು ನೋಡಿದಳು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ದುಡಿದ ಕೈಗೆ ಏನು ಅಂತ ಆಗ್ಲೂ ಗೊತ್ತಾಗ್ಲಿಲ್ಲ, ಈಗ್ಲೂ ಗೊತ್ತಾಗ್ತಿಲ್ಲ" ಎಂದಳು. "ಹಿಂಡಿ ಇಟ್ಕೋ. ಬಿಸಿ ತಟ್ಟೆ ಹಿಡಿಯೋಕೆ ಬಟ್ಟೆ ಬೇಕಾಗತ್ತೆ."

ಕುರ್ಚಿಗೆ ಮರಳಿ ಅಲ್ಲಿಂದಲೇ ಕಾರ್ಡು ಒಪ್ಪಿಸತೊಡಗಿದಳು. ಇಪ್ಪತ್ತೆರಡು ವರ್ಷ ದಿನಕ್ಕೆ ನೂರಾರು ಸಲ ಕಣ್ಣಿಗೆ ಬಿದ್ದ ಕಾರ್ಡು. ಒಂದು ಸಲವೂ ಮಾಡದ ಅಡುಗೆ ಅವಳಿಗೆ ಅಕ್ಷರಕ್ಷರ ಬಾಯಿಪಾಠ! "ಮಾಂಸದ ಮೇಲೆ ಸಾಸಿವೆಯ ಪೇಸ್ಟನ್ನು ತೆಳುವಾಗಿ ಸವರಿ. ಹೆಚ್ಚಿದ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಮೆಣಸು, ಬ್ರೆಡ್ ಪುಡಿ, ಎಣ್ಣೆಯನ್ನು ಬೆರೆಸಿ. ಅಂಗೈಯಿಂದ ಗಟ್ಟಿಯಾಗಿ ಒತ್ತಿ..." ಅವಳು ಹೇಳಿದಂತೆ ನಾನು ಒತ್ತಿದೆ. ಹಸಿರು ಕಂಬಳಿ ಹೊದ್ದ ಮಗುವಿನ ಹಾಗೆ ಕಂಡಿತು ಮಾಂಸ. ನಿಜವಾಗಲೂ ಚೆಂದ ಕಂಡಿತು. ಒಳಗೆ ಇಟ್ಟು ಬಾಗಿಲು ಹಾಕಿದೆ, ಉರಿ ಜೋರು ಮಾಡಿದೆ.

"ಕೊನೇ ಸಾಲು ಏನ್ ಗೊತ್ತಾ?" ಎಂದು ಕೇಳಿದಳು ಹಜಾರದಿಂದ. "'ಆರು ಜನರಿಗೆ ಸಾಕಾಗುತ್ತದೆ.' ಇಪ್ಪತ್ತೆರಡು ವರ್ಷ ಅಂದ್ಕೊಂಡೆ, ಯಾರಪ್ಪ ಆ ಆರು ಜನ ಅಂತ. ಒಂದಿನನಾದ್ರೂ ನೋಡ್ಬೇಕಿತ್ತು ಅವರ ಮುಖಾನ."

ಮೈಕುವಿಗೂ ಕೇಳಿಸಿತ್ತು.

ಇಪ್ಪತ್ತು ನಿಮಿಷ ಕಳೆಯಿತು. ವಾಸನೆ ಬಂತು ನೋಡಿ! ಕಾರ್ಖಾನೆಯಲ್ಲಿ ಹಸಿ ಮಾಂಸದ ವಾಸನೆಯನ್ನಷ್ಟೇ ಕುಡಿದ ಮೂಗುಗಳು ನಮ್ಮವು. ಕೊಬ್ಬು ಕರಗಿ, ಬೆಳ್ಳುಳ್ಳಿ ಹುರಿದು, ರೋಸ್‌ಮೇರಿ ಬಿಸಿಯಾಗಿ ಬರುವ ಈ ವಾಸನೆ ಹೀಗಿರುತ್ತದೆಂದು ನಮಗೆ ಗೊತ್ತಿರಲಿಲ್ಲ. ಮೂವರೂ ಓವನ್ನಿನ ಗಾಜಿನ ಮುಂದೆ ಮಂಡಿಯೂರಿ ಕೂತೆವು.

ಹಜಾರದಿಂದ: "ಹೊಂಬಣ್ಣ ಬಂದ ಕೂಡಲೇ ಉರಿ ತಗ್ಗಿಸಿ, ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ. ಬಂತಾ?"

"ಬಂದಿದೆ" ಎಂದೆ ನಾನು.

"ಬಂದಿಲ್ಲ" ಎಂದ ಮೈಕು.

ಇಷ್ಟೇ. ಇಲ್ಲಿಗೆ ಕೆಟ್ಟಿತು. ನಮ್ಮ ಸಂಘಟನೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಭಿನ್ನಾಭಿಪ್ರಾಯ ಬಂದರೆ ಠರಾವು, ಅನುಮೋದನೆ, ಚರ್ಚೆ, ಆಮೇಲೆ ಕೈ ಎತ್ತಿ ಮತ. ಒಬ್ಬನೇ ನಿರ್ಧಾರ ಮಾಡಿದರೆ ಅವನು ಮ್ಯಾನೇಜರು! ಇದು ನಮ್ಮ ಎಲುಬಿಗೆ ಇಳಿದಿತ್ತು. ನಾನು ಮಂಡಿಯೂರಿದಲ್ಲೇ ಬೆನ್ನು ನೇರ ಮಾಡಿದೆ.

"ಹೊಂಬಣ್ಣ ಬಂದಿದೆ, ಉರಿ ತಗ್ಗಿಸಬೇಕು. ಇದು ನನ್ನ ಠರಾವು."

"ವಿರೋಧ!" ಎಂದು ಮೈಕು ಗುಡುಗಿದ. "ಅದು ಹಳದಿ. ಹಳದಿ ಬೇರೆ, ಹೊಂಬಣ್ಣ ಬೇರೆ!"

ತಿದ್ದುಪಡಿ ಕೈ ಎತ್ತಿದ. "ನನ್ನದೊಂದು ತಿದ್ದುಪಡಿ. ಮೊದ್ಲು ಹೊಂಬಣ್ಣ ಅಂದ್ರೆ ಯಾವ್ದು ಅಂತ ವ್ಯಾಖ್ಯೆ ಆಗ್ಲಿ. ಇಲ್ಲಿ ಯಾರ ಮನೇಲಿ ಹೊನ್ನಿದೆ?"

"ಯಾರ ಮನೇಲೂ ಇಲ್ಲ."

"ಮತ್ತೆ ಹೋಲಿಸೋದು ಹೇಗೆ?"

"ಗೋಧಿಯ ತೆನೆ ಥರ ಅಂತ ಇಟ್ಕೊಳ್ಳಿ" ಎಂದೆ.

"ಹಸಿ ತೆನೆನೋ ಒಣಗಿದ್ದೋ?"

"ಒಣಗಿದ್ದು!"

"ಹಾಗಂತ ಠರಾವಲ್ಲಿ ಸೇರಿಸಿ!"

ನಗಬೇಡಿ. ಮೂವತ್ತೊಂದು ವರ್ಷದ ನಂತರ ನಮ್ಮ ಮೂವರಿಗೂ ಮತ್ತೆ ಜೀವ ಬಂದಿತ್ತು! ಮೈಕುವಿನ ಕೆನ್ನೆ ಕೆಂಪಾಗಿತ್ತು, ತಿದ್ದುಪಡಿಯ ತೋರುಬೆರಳು ಗಾಳಿಯಲ್ಲಿತ್ತು. ನನ್ನ ಗಂಟಲಿಗೆ ಡ್ರಮ್ಮಿನ ಮೇಲಿನ ಆ ಹಳೇ ಶಕ್ತಿ ಬಂದಿತ್ತು. ಮತಕ್ಕೆ ಹಾಕಿದೆವು. ಪರ ಒಂದು, ವಿರೋಧ ಒಂದು, ತಟಸ್ಥ ಒಂದು. ಮತ್ತೆ ಚರ್ಚೆ. ಮತ್ತೆ ಮತ. ಪರ ಒಂದು, ವಿರೋಧ ಒಂದು, ತಟಸ್ಥ ಒಂದು.

"ಸುಟ್ಟ ವಾಸನೆ ಬರ್ತಿದೆ, ತೆಗೀರೋ!" ಹಜಾರದಿಂದ ಕೂಗು.

ಆಗ ನನ್ನ ಬಾಯಿಂದ, ನಾನು ಯೋಚಿಸಿದ್ದಲ್ಲ, ಮೂವತ್ತೊಂದು ವರ್ಷದ ಹಿಂದಿನ ಮಾತು ತಾನಾಗಿ ಎದ್ದು ಬಂತು: "ಸಮಿತಿ ಸದಸ್ಯರಲ್ಲದವರು ಮಧ್ಯೆ ಮಾತಾಡಬಾರದು!"

ಹಜಾರದಲ್ಲಿ ಕುರ್ಚಿ ಸರಿದ ಸದ್ದಾಯಿತು.

ಈಗ ಆ ನಲವತ್ತಾರನೇ ದಿನದ್ದು ಹೇಳಿಬಿಡುತ್ತೇನೆ. ಅವತ್ತು ಹಿಂದಿನ ಗೇಟಿಗೆ ಜನ ಕಳಿಸಬೇಕೋ ಬೇಡವೋ ಎಂದು ಸಮಿತಿ ಟೆಂಟಿನೊಳಗೆ ಚರ್ಚೆ ಮಾಡುತ್ತಿತ್ತು. ಹನ್ನೊಂದು ಗಂಡಸರು. ನಾಲ್ಕು ನೂರರಲ್ಲಿ ಅರ್ಧದಷ್ಟು ಹೆಂಗಸರು, ಸಮಿತಿಯಲ್ಲಿ ಒಬ್ಬಳೂ ಇಲ್ಲ. ಚರ್ಚೆ ಶುರುವಾಗಿ ಎರಡು ಗಂಟೆಯಾದಾಗ ಟೆಂಟಿನ ಬಟ್ಟೆ ಸರಿಸಿ ಒಬ್ಬಳು ತಲೆ ಹಾಕಿದಳು, ಕೈಯಲ್ಲಿ ಸೌಟು. "ಹಿಂದ್ಗಡೆ ಲಾರಿ ಸ್ಟಾರ್ಟ್ ಆಗ್ತಿವೆ, ಸದ್ದು ಕೇಳಿಸ್ತಿಲ್ವಾ?" ಎಂದಳು. ಅಧ್ಯಕ್ಷ ಪೀಠದಲ್ಲಿದ್ದವನು ನಾನು. ಇದೇ ಮಾತು ಹೇಳಿ ಅವಳನ್ನು ಹೊರಗೆ ಕಳಿಸಿದೆ. ನಾವು ಮತ ಎಣಿಸಿ ಮುಗಿಸುವಷ್ಟರಲ್ಲಿ ಹದಿನಾಲ್ಕು ಲಾರಿ ಹೊಸ ಕೆಲಸಗಾರರನ್ನು ಒಳಗೆ ಇಳಿಸಿ, ಮಾಲು ತುಂಬಿಕೊಂಡು ಹೋಗಿದ್ದವು. ಸೌಟು ಹಿಡಿದವಳು ಯಾರೆಂದು ನಾನು ಹೇಳಬೇಕಾಗಿಲ್ಲ.

ಗಾಜಿನೊಳಗೆ ನೋಡಿದೆ. ಹಳದಿಯೂ ಇರಲಿಲ್ಲ, ಹೊಂಬಣ್ಣವೂ ಇರಲಿಲ್ಲ. ಟಾರು!

ಬ್ಯಾನರಿನ ತುಂಡು ಹಿಡಿದು ತಟ್ಟೆ ಎಳೆದೆ. ಅವಳಿಗೆ ಬೇಕಾಗಿದ್ದ ಆ ಪದರ ಕಲ್ಲಿದ್ದಲಾಗಿತ್ತು. ಚಾಕು ಹಾಕಿದರೆ ಒಳಗೆ ಮಾಂಸ ಹಸಿಹಸಿ, ಗುಲಾಬಿ. ಮೇಲೆ ಬೂದಿ, ಒಳಗೆ ನೆತ್ತರು. ನಾವು ಮಾಡಿದ ಎಲ್ಲ ಕೆಲಸದ ಹಾಗೆ.

ಮೈಕು ಮೆಲ್ಲಗೆ ಮಾತಾಡಿದ. ಅವನು ಮೆಲ್ಲಗೆ ಮಾತಾಡಬಲ್ಲನೆಂದು ನನಗೆ ಅವತ್ತೇ ಗೊತ್ತಾದದ್ದು. "ಇನ್ನೊಂದು ತುಂಡು ತರೋಣ್ವಾ?"

"ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರತ್ತೆ" ಎಂದ ತಿದ್ದುಪಡಿ. ಅದಕ್ಕೆ ಅವನು ಯಾವ ತಿದ್ದುಪಡಿಯನ್ನೂ ತರಲಿಲ್ಲ.

ನಾಳೆ ಸೋಮವಾರ. ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಬೇಕು. ಸೇರಿದ ಮೇಲೆ ಅವರು ಕೊಟ್ಟದ್ದಷ್ಟೇ ಆಹಾರ.

ಅವಳು ಒಳಗೆ ಬಂದಳು. ತಟ್ಟೆ ನೋಡಿದಳು. "ನಾಯಕರೇ" ಎಂದಳು. ನನ್ನ ಕಣ್ಣು ಚಪ್ಪಲಿ ಹುಡುಕಿತು.

"ಸಭೆ ಮುಗೀತಾ?"

"ಮುಗೀತು."

"ನಿರ್ಣಯ?"

ನಾನು ಕೈಯಲ್ಲಿದ್ದ ಬ್ಯಾನರಿನ ತುಂಡನ್ನು ನಾಲ್ಕು ಮಡಿಕೆ ಮಾಡಿದೆ.

"ಸರಿ. ಸ್ವಲ್ಪ ಜರುಗಿ." ಮೈಕುವಿಗೆ ತಟ್ಟೆ ಹಿಡಿಯಲು ಹೇಳಿದಳು. ತಿದ್ದುಪಡಿಗೆ ಚಮಚ ತರಲು ಹೇಳಿದಳು. ಇಬ್ಬರೂ ಚರ್ಚೆಯಿಲ್ಲದೆ ಪಾಲಿಸಿದರು! ಕಪ್ಪು ಪದರವನ್ನು ಚಾಕುವಿನಿಂದ ಕೆರೆದು ತೆಗೆದಳು, ಉರಿ ತಗ್ಗಿಸಿದಳು. ಮಾಂಸವನ್ನು ಬೇರೆ ಪಾತ್ರೆಗೆ ಹಾಕಿ ಒಳಗಿಟ್ಟಳು. ಆಮೇಲೆ ಖಾಲಿ ತಟ್ಟೆಯ ಕಡೆ ಬಗ್ಗಿದಳು.

ನಾನು ಒತ್ತುವಾಗ ಉದುರಿದ್ದ ಬ್ರೆಡ್ ಪುಡಿ, ಸೊಪ್ಪು ಒಂದಷ್ಟು ಮಾಂಸದ ಅಡಿಗೆ ಸಿಕ್ಕಿಕೊಂಡಿತ್ತು. ಮೇಲಿನ ಉರಿ ಅದಕ್ಕೆ ತಗುಲಿರಲಿಲ್ಲ. ಕರಗಿದ ಕೊಬ್ಬಿನಲ್ಲಿ ತಾನೇ ತಾನಾಗಿ ಹುರಿದು, ಒಂದು ಅಂಗೈಯಷ್ಟು ಅಗಲ ತಟ್ಟೆಗೆ ಹತ್ತಿಕೊಂಡಿತ್ತು. ಒಣಗಿದ ಗೋಧಿಯ ತೆನೆಯ ಬಣ್ಣ! ಯಾರೂ ಮತ ಹಾಕದೆ ಬಂದ ಹೊಂಬಣ್ಣ.

ಅವಳು ಚಮಚದ ತುದಿಯಿಂದ ಅದನ್ನು ಎಬ್ಬಿಸಿದಳು. ಒಂದು ಚೂರು ಮುರಿದು, ನೋವಿಲ್ಲದ ಬಲಗಡೆಗೆ ಇಟ್ಟು, ಕಣ್ಣು ಮುಚ್ಚಿ ಕಚ್ಚಿದಳು.

ಕರುಂ.

ನಮಗೆಲ್ಲ ಕೇಳಿಸಿತು. ಮೈಕುವಿಗೂ. ಅವನು ಗೋಡೆಯ ಕಡೆ ತಿರುಗಿ ಹುಬ್ಬಿನ ಮೇಲಿನ ಬ್ರೆಡ್ ಪುಡಿ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಅವಳು ನಿಧಾನವಾಗಿ ಅಗಿದಳು. ಇನ್ನೊಂದು ಚೂರು. ಕರುಂ. ಇನ್ನೊಂದು. ನಡುವೆ ಒಂದು ಸಲ ದವಡೆ ಹಿಡಿದುಕೊಂಡು ನಿಂತಳು, ನಾನು ಕೈ ಚಾಚಿದರೆ ತಳ್ಳಿದಳು. ಅಂಗೈ ಅಗಲವನ್ನೂ ಮುಗಿಸಿದಳು, ಯಾರಿಗೂ ಒಂದು ಚೂರು ಕೊಡಲಿಲ್ಲ. ಬೆರಳು ನೆಕ್ಕಿ ತೀರ್ಪು ಕೊಟ್ಟಳು:

"ಉಪ್ಪು ಕಮ್ಮಿ."

ಮಾಂಸ ಸಂಜೆಗೆ ಬೆಂದಿತು, ಚಪ್ಪಲಿಯ ಅಟ್ಟೆಯ ಹಾಗೆ. ನಾವು ಮೂವರು ಗಂಡಸರು ತಲೆ ತಗ್ಗಿಸಿ ಅಗಿದೆವು. ಅವಳು ಒಂದು ತುಂಡು ಬಾಯಿಗಿಟ್ಟು ಹೊರತೆಗೆದಳು, ಅಗಿಯಲಾಗಲಿಲ್ಲ. "ಗರಿಗರಿ ಸಂದಾಯ ಆಯ್ತು" ಎಂದಳು. "ಊಟ ಬಾಕಿ ಇದೆ. ತೀರಿಸ್ತೀಯಾ?"

"ತೀರಿಸ್ತೀನಿ."

"ಡ್ರಮ್ ಮೇಲಿಂದ ಹೇಳ್ಬೇಡ. ಇಲ್ಲೇ ಕೆಳಗೆ ನಿಂತು ಹೇಳು."

ಕೆಳಗೆ ನಿಂತೇ ಹೇಳಿದೆ.

ಮಂಗಳವಾರ ಏಳು ಗಂಟೆಗಳ ಕಾಲ ದವಡೆ ಕತ್ತರಿಸಿದರು. ಒಂಬತ್ತು ದಿನ ಮುಖದ ಅರ್ಧ ಬಟ್ಟೆಯೊಳಗೆ, ಮೂಗಿನಲ್ಲಿ ಕೊಳವೆ. ಮಾತಿಲ್ಲ. ಹತ್ತನೇ ದಿನ ನರ್ಸಮ್ಮ ಅವಳ ಕೈಗೆ ಒಂದು ಸ್ಲೇಟು ಕೊಟ್ಟರು. ಅವಳು ನನ್ನ ಕಡೆ ನೋಡಿದಳು. ಬಳಪ ಎತ್ತಿಕೊಂಡಳು. ನಾನು ಎದ್ದು ಹಾಸಿಗೆಯ ಪಕ್ಕ ಹೋದೆ. ನಲವತ್ತು ವರ್ಷದ ಸಂಸಾರ, ಸಾವಿನ ಬಾಗಿಲು ತಟ್ಟಿ ವಾಪಸಾದ ಹೆಂಗಸು, ಅವಳ ಮೊದಲ ಮಾತು! ನನ್ನ ಕಣ್ಣು ಆಗಲೇ ತುಂಬಿತ್ತು. ನರ್ಸಮ್ಮನೂ ಕೆಲಸ ನಿಲ್ಲಿಸಿ ನಿಂತರು. ಅವಳು ಒಂದೊಂದೇ ಅಕ್ಷರ ಬರೆದು ಸ್ಲೇಟು ತಿರುಗಿಸಿದಳು.

"ಓವನ್ ತೊಳೆದ್ಯಾ?"

ತೊಳೆದಿರಲಿಲ್ಲ.

ಅವತ್ತೇ ಮನೆಗೆ ಹೋಗಿ ತೊಳೆದೆ. ಮಂಡಿಯೂರಿ, ತಲೆ ಒಳಗೆ ಹಾಕಿ, ಸ್ಟೀಲಿನ ನಾರಿನಿಂದ ಮೂರು ಗಂಟೆ ತಿಕ್ಕಿದೆ. ಕೆಳಗಿನ ತಟ್ಟೆಯ ಹಿಂದೆ ಕೆಂಪು ದಾರದ ಎಳೆಗಳು ಕರಗಿ ಅಂಟಿಕೊಂಡಿದ್ದವು, ಉಗುರಿನಿಂದ ಕೆರೆದೆ. ಕಾಗದದ ಕಟ್ಟುಗಳನ್ನು ಮೈಕು ಹೊತ್ತುಕೊಂಡು ಹೋದ. ಅವು ಅವನ ಮನೆಯ ಅಡುಗೆಮನೆ ಸೇರದಂತೆ ನೋಡಿಕೊಳ್ಳಬೇಕೆಂದು ಅವನ ಹೆಂಡತಿಗೆ ನಾನೇ ಫೋನು ಮಾಡಿ ಎಚ್ಚರಿಸಿದೆ.

ಈಗ ಅವಳು ಮನೆಯಲ್ಲಿದ್ದಾಳೆ. ಎಲ್ಲವೂ ಸೋಸಿದ್ದು, ಕುಡಿಯುವ ಥರದ್ದು. ಬೋಳಾದ ರೋಸ್‌ಮೇರಿ ಎರಡು ಕಡೆ ಚಿಗುರಿದೆ. ಒಂದು ಎಲೆ ಕಿತ್ತು, ಮಾಂಸದ ಜೊತೆ ಮೂರು ಗಂಟೆ ಕುದಿಸಿ, ಬಟ್ಟೆಯಲ್ಲಿ ಮೂರು ಸಲ ಸೋಸಿ ಲೋಟದಲ್ಲಿ ಕೊಡುತ್ತೇನೆ. ಅವಳು ಕುಡಿಯುತ್ತಾಳೆ, ಸ್ಲೇಟು ಎತ್ತಿಕೊಳ್ಳುತ್ತಾಳೆ. ಬರೆಯುವುದು ಒಂದೇ: "ಉಪ್ಪು ಕಮ್ಮಿ." ಡಾಕ್ಟರು ಈಗಲೂ "ನೋಡೋಣ" ಎನ್ನುತ್ತಾರೆ. ಕಚ್ಚುವ ಊಟ ಅವಳಿಗೆ ಇನ್ನೊಂದು ಸಲ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ಬಾಕಿ ಹಾಗೇ ಇದೆ. ಪ್ರತಿ ಭಾನುವಾರ ಒಂದು ಸಣ್ಣ ತುಂಡಿಗೆ ಸೊಪ್ಪು ಒತ್ತಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ವಾರ ಹೊಂಬಣ್ಣ ಬಂದಿತ್ತು. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ನಾನು ಕಚ್ಚುವ ಸದ್ದು ಕೇಳಿದಳು.

ಇನ್ನು ನೀವು. ಓದಿ ನಕ್ಕಿರಿ, ಒಂದು ಕಡೆ ಕಣ್ಣೂ ಒರೆಸಿಕೊಂಡಿರಬಹುದು. ಎರಡೂ ನನಗೆ ಬೇಡ. ನಿಮ್ಮ ಮನೆಯಲ್ಲಿ ಅವಳು ದುಡಿದು ತಂದ ಒಂದು ವಸ್ತು ಇರುತ್ತದೆ, ಅದರೊಳಗೆ ನಿಮ್ಮ ಘನಕಾರ್ಯಗಳನ್ನು ತುಂಬಿಟ್ಟಿದ್ದೀರಿ. ಓವನ್ನೋ, ಕಪಾಟೋ, ಅವಳ ಇಡೀ ಒಂದು ಆಯಸ್ಸೋ, ನಿಮಗೇ ಗೊತ್ತು. ಪತ್ರಿಕೆ ಮಡಚಿ. ಏಳಿ. ಯಾರನ್ನೂ ಸಭೆಗೆ ಕರೆಯಬೇಡಿ, ಕೈ ಎತ್ತಬೇಡಿ. ಇವತ್ತೇ ಅದನ್ನು ಖಾಲಿ ಮಾಡಿಕೊಡಿ. ಕೆಳಗಿನ ತಟ್ಟೆಯ ಹಿಂದೆಯೂ ಕೈ ಹಾಕಿ ನೋಡಿ.